ಸನ್ನೆಕೋವಿ

ನಮ್ಮ ಸುಳ್ಯದ ಕಡೆ ಕೋವಿ ಎಂಬುದು ಹತ್ಯಾರುಗಳ ಸಾಲಿಗೆ ಸೇರಿದ ವಸ್ತು. ಕತ್ತಿ, ಹಾರೆ, ಪಿಕ್ಕಾಸು, ಕೋವಿ. ಅಡಿಕೆ ತೋಟವಿದ್ದವರ ಮನೆಯ ಚಾವಡಿಯಲ್ಲಿ ಒಂದು ಕೇಪಿನ ಕೋವಿ ಗೂಟಕ್ಕೆ ನೇತುಬಿದ್ದಿರುತ್ತಿತ್ತು. ಜಿಲ್ಲಾಧಿಕಾರಿಗಳ ಮೊಹರಿದ್ದ ಲೈಸೆನ್ಸು ಪುಸ್ತಕ ಕಪಾಟಿನಲ್ಲಿ. ಅದರಲ್ಲಿ ಬರೆದ ಕಾರಣ ಬೆಳೆ ರಕ್ಷಣೆ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಸರಳಿನಿಂದ ಜಡಿದು, ಕೊನೆಗೆ ಕೇಪು ಕೂರಿಸಿದರೆ ಒಂದು ಈಡು ತಯಾರು. ಒಂದೇ ಈಡು. ಇದಿಷ್ಟು ಮಾಡಿ ಮುಗಿಸುವ ಹೊತ್ತಿಗೆ ಮಂಗಗಳು ನೆರೆಮನೆಯವರ ತೋಟ ದಾಟಿರುತ್ತಿದ್ದವು. ಇಂಥ ಮನೆಯಿಂದ ಬಂದವನಿಗೆ ಬರಿಯ ಸಂತೋಷಕ್ಕಾಗಿ ಕೋವಿ ಕೊಳ್ಳುವುದೆಂದರೆ ಸಂತೋಷಕ್ಕಾಗಿ ಹಾರೆ ಕೊಂಡ ಹಾಗೆ.

ಆದರೆ ನಾನು ಇಪ್ಪತ್ತು ವರ್ಷಗಳಿಂದ ಇರುವ ಪೆನ್ಸಿಲ್ವೇನಿಯಾದಲ್ಲಿ ಜನ ಹಾಗೆ ಕೊಳ್ಳುತ್ತಾರೆ. ಇಲ್ಲಿ ಬೇಟೆ ಒಂದು ಹಬ್ಬ. ಥ್ಯಾಂಕ್ಸ್‌ಗಿವಿಂಗ್ ಆದ ಮರುಸೋಮವಾರ ಜಿಂಕೆ ಬೇಟೆ ಶುರುವಾಗುವುದೆಂದು ಎಷ್ಟೋ ಶಾಲೆಗಳಿಗೆ ಆ ದಿನ ರಜೆ ಕೊಡುತ್ತಿದ್ದರು. 2019ರಲ್ಲಿ ಅದನ್ನು ಶನಿವಾರಕ್ಕೆ ತಂದದ್ದಕ್ಕೆ ಮುದುಕರು ಇನ್ನೂ ಗೊಣಗುತ್ತಾರೆ. ಬೇಟೆಯ ಹಂಬಲವೇ ಇಲ್ಲದವರು ಕೂಡ ಶನಿವಾರ ಬೆಳಿಗ್ಗೆ ಕ್ಲಬ್ಬಿನ ಬಯಲಿಗೆ ಹೋಗಿ ಮಣ್ಣಿನ ದಿಬ್ಬಕ್ಕೆ ಎದುರಾಗಿ ಕೂತು ಕಾಗದಕ್ಕೆ ತೂತು ಮಾಡುತ್ತಾರೆ. ತಿನ್ನಲಿಕ್ಕಲ್ಲ, ಓಡಿಸಲಿಕ್ಕಲ್ಲ. ನಮ್ಮಲ್ಲಿ ಕೇರಂ ಆಡಿದಂತೆ.

ಈ ಆಟ ನಮ್ಮ ಮನೆಗೆ ಬಂದದ್ದು ಮಗಳ ಮೂಲಕ. ಹದಿಮೂರನೆಯ ವಯಸ್ಸಿನಲ್ಲಿ ಅವಳು ಫೋರ್-ಎಚ್ ಎಂಬ ಮಕ್ಕಳ ಸಂಘದ ಬೇಸಗೆ ಶಿಬಿರಕ್ಕೆ ಹೋದಳು. ಕುರಿ ಸಾಕುವುದು, ಜಾಮ್ ಮಾಡುವುದು ಇಂಥವುಗಳ ನಡುವೆ ಗುರಿ ಹೊಡೆಯುವುದನ್ನೂ ಹೇಳಿಕೊಡುತ್ತಾರೆ. ಮನೆಗೆ ಬರುವಾಗ ಅವಳ ಕೈಯಲ್ಲಿ ಐದು ತೂತುಗಳಿದ್ದ ಒಂದು ಕಾಗದ. ಐದೂ ನಮ್ಮ ಹಳೆಯ ಎಂಟಾಣೆ ಬಿಲ್ಲೆಯ ಅಡಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರ. ಆದರೆ ಒಂದು ದೂರಿತ್ತು. ಅವಳು ಎಡಚಿ. ಊರಿಗೆ ಹೋದಾಗಲೆಲ್ಲ ನನ್ನ ಅಮ್ಮ ಅವಳ ಎಡಗೈಯಿಂದ ಚಮಚ ಕಿತ್ತು ಬಲಗೈಗೆ ಕೊಟ್ಟದ್ದೇ ಬಂತು, ಫಲವಾಗಲಿಲ್ಲ. ಶಿಬಿರದ ರೈಫಲುಗಳು ಬೋಲ್ಟಿನವು. ಹಿಂದಿನ ಚಿಲಕವನ್ನು ಬಲಗೈಯಿಂದ ಎತ್ತಿ ಎಳೆಯಬೇಕು. ಎಡಭುಜಕ್ಕೆ ಆನಿಸಿಕೊಂಡವಳು ಪ್ರತಿ ಈಡಿಗೂ ಕೋವಿಯ ಮೇಲಿನಿಂದ ಕೈ ಚಾಚಿ ಒದ್ದಾಡಬೇಕು. ಎಡಚರಿಗೆಂದೇ ಮಾಡಿದ ಬೋಲ್ಟ್ ರೈಫಲುಗಳಿವೆ. ಆದರೆ ಅವುಗಳಲ್ಲಿ ಆಯ್ಕೆ ಕಡಿಮೆ, ಬೆಲೆ ಹೆಚ್ಚು. "ಲಿವರ್ ಕೋವಿಗೆ ಎಡ ಬಲ ಎಂಬ ಭೇದ ಇಲ್ಲವಂತೆ ಅಪ್ಪ," ಅಂದಳು.

ಲಿವರ್ ಎಂದರೆ ಸನ್ನೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕಲ್ಲೆಬ್ಬಿಸುತ್ತಿದ್ದ ಅದೇ ಸನ್ನೆ. ಈ ಜಾತಿಯ ರೈಫಲಿನಲ್ಲಿ ಟ್ರಿಗರಿನ ಸುತ್ತಲಿನ ಕಬ್ಬಿಣದ ಬಳೆ ಹಿಂದಕ್ಕೆ ಚಾಚಿ ಬೆರಳು ತೂರಿಸುವ ಕುಣಿಕೆಯಾಗಿರುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಸುಟ್ಟ ತೋಟೆ ಹೊರಕ್ಕೆ ಹಾರುತ್ತದೆ, ಕುದುರೆ ಹಿಂದಕ್ಕೆ ಮಲಗುತ್ತದೆ. ಮೇಲಕ್ಕೆಳೆದರೆ ನಳಿಗೆಯಡಿಯ ಕೊಳವೆಯಲ್ಲಿ ಸಾಲಾಗಿ ಮಲಗಿದ ತೋಟೆಗಳಲ್ಲಿ ಒಂದು ಮೇಲೆ ಬಂದು ನಳಿಗೆಯ ಬುಡದಲ್ಲಿ ಕೂರುತ್ತದೆ. ಯಾವ ಕೈಯಾದರೂ ಒಂದೇ. ನಮ್ಮ ಭಾಷೆಯಲ್ಲಿ ಸನ್ನೆ ಎಂದರೆ ಸಂಕೇತ ಎಂಬ ಅರ್ಥವೂ ಇದೆಯಲ್ಲ, ಆ ಅರ್ಥಕ್ಕೆ ಮುಂದೆ ಬರುತ್ತೇನೆ.

ಇದರ ಚರಿತ್ರೆಯಲ್ಲಿ ನನಗೆ ಇಷ್ಟವಾದ ಸಂಗತಿಯೆಂದರೆ ಇದನ್ನು ಲೋಕಪ್ರಸಿದ್ಧ ಮಾಡಿದ ಆಲಿವರ್ ವಿಂಚೆಸ್ಟರ್ ಮೂಲತಃ ಅಂಗಿ ತಯಾರಿಸಿ ಮಾರುತ್ತಿದ್ದ ಮನುಷ್ಯ. ಅವನ ಕಾರ್ಖಾನೆಯ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಹದಿನಾರು ತೋಟೆ ಹಿಡಿಯುವ ರೈಫಲಿಗೆ ಪೇಟೆಂಟ್ ಪಡೆದ. 1866, 1873ರ ಮಾದರಿಗಳು ಬಂದವು. ಆಮೇಲೆ ಜಾನ್ ಬ್ರೌನಿಂಗ್ ಎಂಬ ಮೇಧಾವಿ ರೂಪಿಸಿದ 1894ರ ಮಾದರಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮಂಗಳೂರಿನ ಟಾಕೀಸಿನಲ್ಲಿ 'ಮೆಕೆನ್ನಾಸ್ ಗೋಲ್ಡ್' ನೋಡಿ ಶಿಳ್ಳೆ ಹೊಡೆದ ನಮಗೆಲ್ಲ ಇದು ಕೌಬಾಯ್ ಕೋವಿ. ಆದರೆ 1876ರ ಜೂನಿನಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ ಕಸ್ಟರನ ಕುದುರೆ ಸವಾರರ ಕೈಯಲ್ಲಿದ್ದದ್ದು ಒಂಟಿ ಈಡಿನ ಸ್ಪ್ರಿಂಗ್‌ಫೀಲ್ಡ್. ಹೆನ್ರಿ, ವಿಂಚೆಸ್ಟರ್ ರೈಫಲುಗಳು ಇದ್ದದ್ದು ಲಕೋಟ ಮತ್ತು ಷೆಯೆನ್ ಜನರ ಹಲವರ ಬಳಿ. ಸಿನಿಮಾದವರಿಗೆ ಈ ಸಂಗತಿ ಅಷ್ಟು ಅನುಕೂಲವಲ್ಲ.

ಇರಲಿ. ಯಾವ ಜಾತಿ ಎಂಬುದು ಮಗಳ ಎಡಗೈಯಿಂದಲೇ ತೀರ್ಮಾನವಾಯಿತು. ಉಳಿದದ್ದು ಯಾವ ಕ್ಯಾಲಿಬರು ಎಂಬ ಪ್ರಶ್ನೆ. ಈ ಪ್ರಶ್ನೆಯನ್ನು ಇಲ್ಲಿ ಯಾರನ್ನೂ ಸುಮ್ಮನೆ ಕೇಳಬಾರದು. ನಮ್ಮಲ್ಲಿ ಬೇಧಿಗೆ ಮದ್ದು ಕೇಳಿದ ಹಾಗೆ, ಹತ್ತು ಜನರಿಂದ ಹನ್ನೊಂದು ಉತ್ತರ ಬರುತ್ತದೆ.

ಪಕ್ಕದ ಮನೆಯ ಮುದುಕರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ ತಮ್ಮ ತಂದೆಯ ಕಾಲದ 94ನೇ ಮಾದರಿಯನ್ನು ಕೈಗೆ ಕೊಟ್ಟರು. ಥರ್ಟಿ-ಥರ್ಟಿ ಎಂಬ ತೋಟೆಯದು. 1895ರಲ್ಲಿ ಬಂದ ಈ ತೋಟೆಯ ಮೊದಲ ಮೂವತ್ತು ಗುಂಡಿನ ದಪ್ಪ, ಇಂಚಿನ ನೂರನೇ ಪಾಲಿನಲ್ಲಿ. ಎರಡನೆಯದು ಆಗ ತುಂಬುತ್ತಿದ್ದ ಹೊಗೆರಹಿತ ಮದ್ದಿನ ತೂಕ, ಗ್ರೇನಿನಲ್ಲಿ. 170 ಗ್ರೇನು, ಎಂದರೆ 11 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 2200 ಅಡಿ ವೇಗದಲ್ಲಿ ಹೊರಡುತ್ತದೆ. ನೂರೈವತ್ತು ಗಜದೊಳಗಿನ ಜಿಂಕೆಗೆ ಅದಕ್ಕಿಂತ ಬೇರೆ ಬೇಡ ಎಂಬುದು ಈ ಕಾಡುಗುಡ್ಡದವರ ನೂರು ವರ್ಷದ ಅನುಭವ. ಹೊಡೆದು ನೋಡಿದೆ. ತೂಕ ಕಡಿಮೆಯ ಕೋವಿ, ಬುಡಕ್ಕೆ ಕಬ್ಬಿಣದ ತಗಡು. ಭುಜಕ್ಕೆ ಕರು ಹಾಯ್ದ ಹಾಗಾಯಿತು. ಹತ್ತು ಈಡಿನವರೆಗೆ ಖುಷಿ, ಹದಿನೈದರ ಮೇಲೆ ಲೆಕ್ಕ ಹಾಕುವ ಹಾಗಾಗುತ್ತದೆ. ಜೇಬಿನ ಲೆಕ್ಕವೂ ಬೇರೆ, ಈಗ ಒಂದೊಂದು ತೋಟೆಗೂ ಒಂದು ಡಾಲರಿಗೆ ಮೇಲೆ.

ಈ ಕೋವಿಗಳ ಕೊಳವೆಯ ಬಗ್ಗೆ ಒಂದು ಮಾತು ಹೇಳಬೇಕು. ತೋಟೆಗಳು ಅದರೊಳಗೆ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ನಿಲ್ಲುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ಒದೆತಕ್ಕೆ ಕೇಪು ಕುಟ್ಟಿ ಕೊಳವೆಯೊಳಗೇ ಸಿಡಿಯುವ ಭಯ. ಆದ್ದರಿಂದ ಇವಕ್ಕೆ ಚಪ್ಪಟೆ ಮೂತಿಯ ಗುಂಡು. ಇತ್ತೀಚೆಗೆ ಮೆತ್ತನೆಯ ರಬ್ಬರಿನಂಥ ತುದಿಯ ಚೂಪು ಗುಂಡುಗಳೂ ಬಂದಿವೆ. ಅಂಗಡಿಯಲ್ಲಿ ತೋಟೆಯ ಪೆಟ್ಟಿಗೆ ಕೈಗೆತ್ತಿಕೊಂಡಾಗ ಬೆಲೆಗಿಂತ ಮೊದಲು ನೋಡಬೇಕಾದದ್ದು ಮೂತಿಯನ್ನು.

ಕ್ಲಬ್ಬಿನ ಇನ್ನೊಬ್ಬರು ತಮ್ಮ ಫಾರ್ಟಿಫೈವ್-ಸೆವೆಂಟಿ ಕೊಟ್ಟರು. 1873ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ ತೋಟೆ. ಹಳೆಯ ಅಳತೆಯ ಗುಂಡು 405 ಗ್ರೇನು, ಎಂದರೆ ನಮ್ಮ ಹಿಂದಿನ ದಪ್ಪನೆಯ ಐದು ರೂಪಾಯಿ ನಾಣ್ಯ ಮೂರರ ತೂಕ. ಒಂದು ಈಡು ಹೊಡೆದು ಕೈಮುಗಿದು ಹಿಂದಿರುಗಿಸಿದೆ. ಕರಡಿ ಇರುವ ಕಾಡಿನಲ್ಲಿ ಓಡಾಡುವವರಿಗೆ ಅದು ಸರಿಯಿರಬಹುದು. ನಮಗಿರುವ ಶತ್ರು ಕಾಗದ.

ನಿಜವಾಗಿ ಮನಸ್ಸು ಎಳೆದದ್ದು ತ್ರೀಫಿಫ್ಟಿಸೆವೆನ್ ಮ್ಯಾಗ್ನಂ. ಅದು 1935ರ ಪಿಸ್ತೂಲಿನ ತೋಟೆ. ಉದ್ದ ನಳಿಗೆಯಲ್ಲಿ ಹಾರಿಸಿದರೆ ಬಲ ಹೆಚ್ಚು. ಅದರ ಗುಟ್ಟೆಂದರೆ ಅದೇ ರೈಫಲಿನಲ್ಲಿ ಹಳೆಯ ಥರ್ಟಿಎಯ್ಟ್ ಸ್ಪೆಷಲ್ ತೋಟೆಯನ್ನೂ ಹಾರಿಸಬಹುದು. ಗುಂಡಿನ ದಪ್ಪ ಒಂದೇ, ಡಬ್ಬಿ ಸ್ವಲ್ಪ ಗಿಡ್ಡ. ಥರ್ಟಿಎಯ್ಟ್ ಹಾಕಿದಾಗ ರೈಫಲು ಒದೆಯುವುದೇ ಇಲ್ಲ, ಸದ್ದೂ ಸೌಮ್ಯ. ಹಳೆಯ ಕೌಬಾಯ್ ವೇಷ ಹಾಕಿ, ಸುಳ್ಳು ಹೆಸರಿಟ್ಟುಕೊಂಡು, ಗಡಿಯಾರ ಹಿಡಿದು ಉಕ್ಕಿನ ತಗಡುಗಳಿಗೆ ಹೊಡೆಯುವ ಸ್ಪರ್ಧೆಗಳಿವೆ. ಅಲ್ಲಿ ಬಹಳ ಮಂದಿಯ ಕೈಯಲ್ಲಿ ಇದೇ. (ಪಂಚೆ ಉಟ್ಟು ಹೋದರೆ ಸೇರಿಸುತ್ತಾರೋ ಎಂದು ನಾನು ಕೇಳಲಿಲ್ಲ.) ತೊಡಕು ಏನೆಂದರೆ ಗಿಡ್ಡ ತೋಟೆ ತಿಂದು ತಿಂದು ನಳಿಗೆಯ ಬುಡದಲ್ಲಿ ಮಸಿಯ ಬಳೆ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಉದ್ದದ್ದು ಸರಿಯಾಗಿ ಕೂರುವುದಿಲ್ಲ. ಕೆಲವು ರೈಫಲುಗಳು ಗಿಡ್ಡದ್ದನ್ನು ನುಂಗಲು ರಗಳೆ ಮಾಡುತ್ತವೆ. ಆದರೂ ಒಬ್ಬ ದೊಡ್ಡವನು ತನಗೊಂದೇ ಲಿವರ್ ಕೋವಿ ಬೇಕೆಂದು ನನ್ನನ್ನು ಕೇಳಿದರೆ ಇವತ್ತಿಗೂ ಇದನ್ನೇ ಹೇಳಿಯೇನು.

ನಾವು ಅದನ್ನು ಕೊಳ್ಳಲಿಲ್ಲ. ಅದಕ್ಕೆ ಕಾರಣ ನನ್ನ ಹೆಂಡತಿ. ಅವಳ ಕಾರಣ ತೋಟೆಯದ್ದಲ್ಲ.

ಅವಳ ತವರು ಬೆಳ್ತಂಗಡಿ ತಾಲೂಕಿನ ಒಳಗೆ. 1989ರ ನವೆಂಬರಿನಲ್ಲಿ ಚುನಾವಣೆ. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೋಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿ ತರಬೇಕು. ಈ ಪದ್ಧತಿ ಕೃಷಿಕರಿಗೆ ಇಂದಿಗೂ ತಲೆನೋವು. ಅವಳ ಸೋದರಮಾವಂದಿರಲ್ಲಿ ಚಿಕ್ಕವರಿಗೆ ಆಗ ಇಪ್ಪತ್ತೆರಡು. ಠಾಣೆಗೆ ಕೊಡುವ ಮೊದಲು ಎಣ್ಣೆ ಒರೆಸಿಡೋಣ ಎಂದು ಚಾವಡಿಯ ಕೋವಿ ಇಳಿಸಿದರು. ಮೊದಲ ದಿನ ರಾತ್ರಿ ಗದ್ದೆಗೆ ಹಂದಿ ಕಾಯಲು ಹೋದ ಕೆಲಸದಾಳು ಕೋವಿಯನ್ನು ತುಂಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಕೇಪಿನ ಕೋವಿಯನ್ನು ಹೊರಗಿನಿಂದ ನೋಡಿ ತುಂಬಿದೆಯೋ ಖಾಲಿಯೋ ಹೇಳಲು ಬರುವುದಿಲ್ಲ. ಸರಳು ಇಳಿಸಿ, ಎಷ್ಟು ಒಳಗೆ ಹೋಯಿತೆಂದು ಅಳೆದೇ ನೋಡಬೇಕು. ಒಂಬತ್ತು ವರ್ಷದ ಹುಡುಗಿ ಆಗ ಪಕ್ಕದ ಕೋಣೆಯಲ್ಲಿ ಮಗ್ಗಿ ಬರೆಯುತ್ತಿದ್ದಳು. ಹದಿನೆಂಟರ ಮಗ್ಗಿ ಎಂಬುದೂ ಅವಳಿಗೆ ನೆನಪಿದೆ.

ನಾನು ಮಾತೆತ್ತಿದಾಗ ಅವಳು ಬೇಡ ಅನ್ನಲಿಲ್ಲ. ಎರಡು ದಿನ ಬಿಟ್ಟು ಹೇಳಿದಳು. "ನೋಡಿ, ಅದು ಖಾಲಿ ಉಂಟು ಅಂತ ನೀವು ಬಾಯಲ್ಲಿ ಹೇಳಿದರೆ ನನಗೆ ಸಾಲದು. ನನ್ನ ಕಣ್ಣಿಗೆ ಕಾಣಬೇಕು. ಬಾಗಿಲಲ್ಲಿ ನಿಂತು ನೋಡಿದರೂ ಕಾಣಬೇಕು."

ಒಳ್ಳೆಯ ರೈಫಲು ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾನು ಯಾವ ಕ್ಯಾಟಲಾಗಿನಲ್ಲೂ ಓದಿಲ್ಲ. ಅಲ್ಲಿಂದ ಮುಂದೆ ನಾನು ಪ್ರತಿ ಕೋವಿಯನ್ನೂ ತುಂಬುವ ಕಡೆಯಿಂದ ನೋಡುವುದು ಬಿಟ್ಟು ಖಾಲಿ ಮಾಡುವ ಕಡೆಯಿಂದ ನೋಡತೊಡಗಿದೆ. ಹಾಗೆ ನೋಡಿದಾಗ 94ರಂಥ ಕೋವಿಗಳ ಒಂದು ಗುಣ ಎದ್ದು ಕಂಡಿತು. ತೋಟೆಗಳನ್ನು ಪಕ್ಕದ ಕಿಂಡಿಯಿಂದ ಒಂದೊಂದಾಗಿ ಒಳಕ್ಕೆ ಒತ್ತುವುದು ಸುಲಭ. ಹೊರಗೆ ತೆಗೆಯಬೇಕಾದರೆ ಸನ್ನೆಯನ್ನು ಮತ್ತೆ ಮತ್ತೆ ಆಡಿಸಿ ಪ್ರತಿಯೊಂದನ್ನೂ ಮೇಲೆ ತಂದು ಹೊರಹಾಕಬೇಕು. ಪ್ರತಿ ಸಲವೂ ಕುದುರೆ ಎದ್ದಿರುತ್ತದೆ. ಜಾಗ್ರತೆ ಇದ್ದವನಿಗೆ ಅದೇನೂ ಅಪಾಯವಲ್ಲ, ಆ ಮುದುಕರು ಅರವತ್ತು ವರ್ಷ ಮಾಡಿದ್ದಾರೆ. ಆದರೆ ಜಾಗ್ರತೆಯ ಮೇಲೆ ಇವಳಿಗೆ ನಂಬಿಕೆ ಹೋಗಿ ಬಹಳ ಕಾಲವಾಯಿತು.

ಟ್ವೆಂಟಿಟೂ ಲಿವರ್ ಕೋವಿಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ನಳಿಗೆಯ ಕೆಳಗಿನ ಕೊಳವೆಯೊಳಗೆ ಇನ್ನೊಂದು ಸಣ್ಣ ಹಿತ್ತಾಳೆ ಕೊಳವೆ ಇರುತ್ತದೆ. ತಿರುಗಿಸಿ ಎಳೆದರೆ ಅದು ಕೈಗೆ ಬರುತ್ತದೆ. ಕೋವಿಯನ್ನು ಓರೆ ಮಾಡಿದರೆ ತೋಟೆಗಳು ಅಂಗೈಗೆ ಉದುರುತ್ತವೆ. ಆಮೇಲೆ ಸನ್ನೆ ಇಳಿಸಿ ನಳಿಗೆಯ ಬುಡದಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಬೇಕು, ಕತ್ತಲಾದರೆ ಕಿರುಬೆರಳು ಹಾಕಿ ಮುಟ್ಟಬೇಕು. ಕ್ಲಬ್ಬಿನ ನಿಯಮವೂ ಅದೇ. ಹೊಡೆಯದೇ ಇರುವಾಗ ಸನ್ನೆ ಪೂರ್ತಿ ಇಳಿದಿರಬೇಕು. ಇಳಿದ ಸನ್ನೆ ಹತ್ತು ಹೆಜ್ಜೆ ದೂರದಿಂದ ಕಾಣುತ್ತದೆ, ಜೋತುಬಿದ್ದ ದವಡೆಯ ಹಾಗೆ. ಬಾಯಿ ತೆರೆದಿದ್ದೇನೆ, ಬಂದು ನೋಡಿಕೊಳ್ಳಿ ಎಂದು ಅದು ಮಾಡುವ ಸನ್ನೆ. ಹೆಂಡತಿಯನ್ನು ಅಂಗಡಿಗೇ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಮೂರು ಸಲ ಇಳಿಸಿ ಏರಿಸಿ ನೋಡಿ, "ಆಗಬಹುದು" ಅಂದಳು.

ಹೀಗೆ 1887ರಲ್ಲಿ ಹುಟ್ಟಿದ ಟ್ವೆಂಟಿಟೂ ಲಾಂಗ್ ರೈಫಲ್ ಎಂಬ ಪುಟ್ಟ ತೋಟೆ ನಮ್ಮ ಮನೆಗೆ ಗೊತ್ತಾಯಿತು. ಗುಂಡು 40 ಗ್ರೇನು, ಬಲದಲ್ಲಿ ಥರ್ಟಿ-ಥರ್ಟಿಯ ಹನ್ನೆರಡರಲ್ಲಿ ಒಂದು ಪಾಲೂ ಇಲ್ಲ. ಬೇರೆ ಕೇಪಿಲ್ಲ, ಸಿಡಿಮದ್ದು ಅಂಚಿನಲ್ಲೇ ಇರುವುದರಿಂದ ಮೂತಿಯ ಭಯವೂ ಇಲ್ಲ. ಥರ್ಟಿ-ಥರ್ಟಿಯ ಒಂದು ತೋಟೆಯ ದುಡ್ಡಿಗೆ ಇದರಲ್ಲಿ ಹತ್ತಕ್ಕೂ ಹೆಚ್ಚು ಬರುತ್ತವೆ. ಒದೆತ ಇಲ್ಲವೆಂದೇ ಹೇಳಬೇಕು. ಇದು ಸಣ್ಣ ಲಾಭವಲ್ಲ. ಪಕ್ಕದ ಮನೆಯವರು ಹನ್ನೆರಡನೇ ವಯಸ್ಸಿನಲ್ಲೇ ಅಪ್ಪನ ದೊಡ್ಡ ರೈಫಲು ಹಿಡಿದವರು. ಟ್ರಿಗರು ಎಳೆಯುವ ಮುಂಚೆಯೇ ಕಣ್ಣು ಮುಚ್ಚಿ ಭುಜ ಕುಗ್ಗಿಸುವ ಅಭ್ಯಾಸ ಅಂಟಿಕೊಂಡಿತಂತೆ. ಅದನ್ನು ಬಿಡಿಸಿಕೊಳ್ಳಲು ಇಪ್ಪತ್ತು ವರ್ಷ ಬೇಕಾಯಿತು ಎಂದರು. ಹಾಗೆಂದು ಇದು ಆಟಿಕೆಯಲ್ಲ. ಈ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು, ತೋಟೆಯ ಪೆಟ್ಟಿಗೆಯ ಮೇಲೆಯೇ ಎಚ್ಚರಿಕೆ ಬರೆದಿರುತ್ತದೆ. ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಹೊಡೆಯುವಂತಿಲ್ಲ.

ಇದರಲ್ಲೂ ಮೂರು ಹೆಸರುಗಳಿದ್ದವು. ಮಾರ್ಲಿನ್ 39ಎ ಅಕ್ರೋಟು ಮರದ ಹಿಡಿಯ, ಒಂದೇ ತಿರುಪು ಬಿಚ್ಚಿದರೆ ಎರಡು ತುಂಡಾಗುವ ಸೊಗಸಾದ ಕೋವಿ. ನಾವು ನೋಡಿದ್ದು ಹಳೆಯದು, ಬೆಲೆ ಚಿನ್ನದ್ದು, ಹುಡುಗಿಯ ಕೈಗೆ ಭಾರ. ಬ್ರೌನಿಂಗ್ ಬಿಎಲ್-22 ಜಪಾನಿನಲ್ಲಿ ತಯಾರಾಗುವಂಥದ್ದು. ಸನ್ನೆ 33 ಡಿಗ್ರಿ ಮಾತ್ರ ಆಡಿದರೆ ಸಾಕು, ಬೆರಳು ಟ್ರಿಗರ್ ಬಿಟ್ಟು ಕದಲಬೇಕಾಗಿಲ್ಲ. ನನಗೆ ಆಸೆಯಾದದ್ದು ಅದರ ಮೇಲೆ. ಆದರೆ ಸನ್ನೆ ಅಷ್ಟು ಕಡಿಮೆ ಇಳಿಯುವುದೇ ಹೆಂಡತಿಗೆ ಹಿಡಿಸಲಿಲ್ಲ, ದೂರದಿಂದ ಎದ್ದು ಕಾಣುವುದಿಲ್ಲವಂತೆ. ಕೊನೆಗೆ ಬಂದದ್ದು ಹೆನ್ರಿ. ಹಳೆಯ ಹೆನ್ರಿಯ ಹೆಸರನ್ನಷ್ಟೇ ಎತ್ತಿಕೊಂಡು 1996ರಲ್ಲಿ ಬ್ರೂಕ್ಲಿನ್ನಿನಲ್ಲಿ ಶುರುವಾದ ಕಂಪೆನಿ ಅದು. ಎರಡೂವರೆ ಕಿಲೋ ಒಳಗೆ, ಹದಿನೈದು ತೋಟೆ, ಸನ್ನೆ ಬೆಣ್ಣೆಯಲ್ಲಿ ಓಡಿದಂತೆ.

ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಕಂಡದ್ದು ಒಂದೇ. "ಹದಿನೈದು ಯಾಕೆ ಮಾರಾಯ? ಮೊದಲನೆಯದು ತಾಗದಿದ್ದರೆ ಹಂದಿ ಅಲ್ಲೇ ನಿಂತು ಕಾಯ್ತದಾ?"

ಕೊಳ್ಳುವ ಕೆಲಸ ಬೇಗ ಮುಗಿಯಿತು. ನಾನು ತಾತ್ಕಾಲಿಕ ವೀಸಾದಲ್ಲಿದ್ದ ಕಾಲಕ್ಕೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಲ್ಲಿಯ ಕಾನೂನಿನ ಪ್ರಕಾರ ಕೋವಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಆ ತಡೆ ಇಲ್ಲ. 4473 ಎಂಬ ಫಾರಂ ತುಂಬಿ ಸಹಿ ಹಾಕಿದೆ. ಅಂಗಡಿಯವ ರಾಜ್ಯ ಪೋಲೀಸರಲ್ಲಿ ವಿಚಾರಿಸಿದ. ಒಂದು ಕಾಫಿ ಕುಡಿಯುವಷ್ಟರಲ್ಲಿ ಕೋವಿ ನನ್ನದು. ಈ ರಾಜ್ಯದಲ್ಲಿ ರೈಫಲಿಗೆ ಲೈಸೆನ್ಸಿಲ್ಲ, ನೋಂದಣಿಯಿಲ್ಲ. ನಮ್ಮ ಅಪ್ಪ ಒಂದು ಕೇಪಿನ ಕೋವಿಯ ಲೈಸೆನ್ಸು ನವೀಕರಿಸಲು ತಾಲೂಕಾಫೀಸು, ಠಾಣೆ, ಮಂಗಳೂರು ಎಂದು ಚಪ್ಪಲಿ ಸವೆಸುವುದನ್ನು ನೋಡಿದವನಿಗೆ ಇದು ಸುಖವಾಗಿಯೇನೂ ಕಾಣಲಿಲ್ಲ, ದಿಗಿಲಾಯಿತು. ಎರಡರ ನಡುವೆ ಎಲ್ಲೋ ಒಂದು ಸರಿಯಾದ ಅಳತೆ ಇರಬೇಕು.

ಬೀಗದ ಖರ್ಚು ನೂರೈವತ್ತು ಡಾಲರು. ಮಗಳ ಡಾಕ್ಟರಮ್ಮ ವರ್ಷದ ತಪಾಸಣೆಯಲ್ಲಿ ಮನೆಯಲ್ಲಿ ಕೋವಿ ಇದೆಯೇ, ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾರೆ. ಅಧಿಕಪ್ರಸಂಗ ಎಂದು ಸಿಟ್ಟಾಗುವವರಿದ್ದಾರೆ. ಆದರೆ 2021ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತ 48 ಸಾವಿರಕ್ಕೂ ಮಿಕ್ಕಿದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಸತ್ತವರು. ಮನೆಯಲ್ಲಿ ಬೆಳೆಯುವ ಮಗುವಿದ್ದಾಗ ಈ ಲೆಕ್ಕ ಕ್ಯಾಲಿಬರಿನ ಲೆಕ್ಕಕ್ಕಿಂತ ದೊಡ್ಡದು. ನಮ್ಮಲ್ಲಿ ಕೋವಿ ಉಕ್ಕಿನ ಕಪಾಟಿನಲ್ಲಿ, ಅದರ ಬೀಗದ ಕೈ ನನ್ನಲ್ಲಿ. ತೋಟೆ ಇನ್ನೊಂದು ಪೆಟ್ಟಿಗೆಯಲ್ಲಿ, ಅದರ ಕೈ ಹೆಂಡತಿಯಲ್ಲಿ. ಇಬ್ಬರೂ ಒಪ್ಪದೆ ಕೋವಿ ಹೊರಡುವುದಿಲ್ಲ. ಕ್ಲಬ್ಬಿನಿಂದ ಬಂದ ಮೇಲೆ ಮಗಳು ಅಡಿಗೆ ಮನೆಯ ಬಾಗಿಲಲ್ಲಿ ಸನ್ನೆ ಇಳಿಸಿ ಹಿಡಿಯುತ್ತಾಳೆ. ಇವಳು ಸಾರಿಗೆ ಒಗ್ಗರಣೆ ಹಾಕುತ್ತಲೇ ತಿರುಗಿ ನೋಡಿ ತಲೆಯಾಡಿಸುತ್ತಾಳೆ. ಕಪಾಟಿಗೆ ಇಡುವ ಮೊದಲು ಬಂದು ಕಿರುಬೆರಳನ್ನೂ ಹಾಕುತ್ತಾಳೆ. ಈ ಎರಡು ವರ್ಷಗಳಲ್ಲಿ ಒಂದು ಈಡನ್ನೂ ಹೊಡೆದಿಲ್ಲ. ಹೊಡೆ ಎಂದು ನಾವೂ ಹೇಳಿಲ್ಲ.

ಮಗಳು ಈಗ ಉಕ್ಕಿನ ಪ್ರಾಣಿಗಳ ಆಟಕ್ಕೆ ಹೋಗುತ್ತಾಳೆ. ಕೋಳಿ, ಹಂದಿ, ಟರ್ಕಿ, ಟಗರು, ಒಂದಕ್ಕಿಂತ ಒಂದು ದೂರ. ನಿಂತು, ಯಾವ ಆಸರೆಯೂ ಇಲ್ಲದೆ ಹೊಡೆದು ಬೀಳಿಸಬೇಕು. ತಾಗಿದರೆ ಟಣ್ ಎಂಬ ಸದ್ದು ಅರೆಗಳಿಗೆ ತಡವಾಗಿ ಬರುತ್ತದೆ. ಕೋಳಿ ಚೆನ್ನಾಗಿ ಬೀಳುತ್ತವೆ, ಟರ್ಕಿ ಅವಳಿಗೆ ಆಗಿಬರುವುದಿಲ್ಲ. ನಾಲ್ಕು ಕಂಪೆನಿಗಳ ತೋಟೆ ತಂದು ಐದೈದು ಹೊಡೆದು ಯಾವುದು ಈ ನಳಿಗೆಗೆ ಒಗ್ಗುತ್ತದೆಂದು ನೋಟು ಪುಸ್ತಕದಲ್ಲಿ ಬರೆದಿಡುತ್ತಾಳೆ. ಅತಿ ದುಬಾರಿಯದ್ದು ಮೂರನೇ ಸ್ಥಾನ ಪಡೆಯಿತು. ಈಗ ಹಿಂದಿನ ಗುರಿಯ ಕಚ್ಚಿನ ಬದಲಿಗೆ ಸಣ್ಣ ತೂತಿನ ಪೀಪ್ ಸೈಟು ಬೇಕಂತೆ, ಎಂಬತ್ತು ಡಾಲರು. ನಾನು ಹೆಂಡತಿಯ ಮುಖ ನೋಡಿದೆ.

"ಅದಕ್ಕೆ ಬೇರೆ ಬೀಗ ಬೇಕಾ?" ಎಂದು ಕೇಳಿದಳು.

ಬೇಡ ಎಂದೆ.

"ಹಾಗಾದರೆ ತಕೊಳ್ಳಿ."